ಹೊಸ ಮನೆಗೆ ಟಿವಿ, ಇಂಟರ್ನೆಟ್: ಗಾರೆಗೆ ಮುಂಚೆ ಏನು ಮಾಡಿಸಬೇಕು, ಯಾವ ಕನೆಕ್ಷನ್ ತಗೋಬೇಕು?

ಹೊಸಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30×40 ಸೈಟು, ನೆಲಮಹಡಿ ಮತ್ತು ಮೊದಲ ಮಹಡಿ. ಮೋಲ್ಡ್ ಆಗಿದೆ, 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಎದ್ದಿದೆ, ಒಳಗಾರೆ ಎರಡು ವಾರದಲ್ಲಿ ಶುರು. ಕೆಳಗೆ ಹಾಲ್‌ನಲ್ಲಿ ಒಂದು ಟಿವಿ, ಮೇಲೆ ರೂಮಿನಲ್ಲಿ ಒಂದು. ಅಪ್ಪ ಅಮ್ಮನಿಗೆ ಕನ್ನಡ ಧಾರಾವಾಹಿ, ವಾರ್ತೆ ತಪ್ಪುವ ಹಾಗಿಲ್ಲ. ಇಬ್ಬರಿಗೆ ಮನೆಯಿಂದಲೇ ಆಫೀಸ್ ಕೆಲಸ. ಎಲೆಕ್ಟ್ರಿಷಿಯನ್ "ಎರಡು ಟಿವಿ ಪಾಯಿಂಟ್ ಎಳೀತೀನಿ, ಇಂಟರ್ನೆಟ್‌ನೋರು ಬಂದು ಅವರ ವೈರ್ ಅವರೇ ಹಾಕ್ಕೋತಾರೆ" ಅಂತಾರೆ. ಅಷ್ಟು ಸಾಕಾ? ಕೇಬಲ್, ಡಿಶ್, ಫೈಬರ್ ಜೊತೆಗೇ ಬರೋ ಟಿವಿ, ಇವುಗಳಲ್ಲಿ ಯಾವುದು ಸರಿ?

ವೈರಿಂಗ್_ವಿವರ

ಸಾಕಾಗಲ್ಲ ಸರ್. ಯಾವ ಕಂಪನಿ ಅನ್ನೋದನ್ನ ಗೃಹಪ್ರವೇಶದ ಹಿಂದಿನ ವಾರ ತೀರ್ಮಾನ ಮಾಡಿದರೂ ನಡೆಯುತ್ತೆ, ಆಮೇಲೆ ಬದಲಾಯಿಸಬಹುದು ಕೂಡ. ಪೈಪು ಮಾತ್ರ ಈ ಎರಡು ವಾರದಲ್ಲೇ ಆಗಬೇಕು. ಈಗ ಬಿಟ್ಟರೆ ನಾಳೆ ಬರುವ ಹುಡುಗರು ಕಿಟಕಿ ಚೌಕಟ್ಟಿಗೆ ತೂತು ಹೊಡೆದು, ಪೇಂಟ್ ಮೇಲೆ ಕ್ಲಿಪ್ ಬಡಿದು ವೈರ್ ಎಳೆದು ಹೋಗ್ತಾರೆ. ಅವರದ್ದೇನೂ ತಪ್ಪಿಲ್ಲ, ಅವರಿಗೆ ಬೇರೆ ದಾರಿ ಇರಲ್ಲ.

ಮೊದಲು ಒಂದು ಜಾಗ ಗೊತ್ತು ಮಾಡಿ. ರೂಟರು, ಫೈಬರ್ ಬಾಕ್ಸು, ಸಣ್ಣ ನೆಟ್‌ವರ್ಕ್ ಸ್ವಿಚ್ಚು (ಇಂಟರ್ನೆಟ್ ವೈರನ್ನು ಹಲವು ಕಡೆಗೆ ಹಂಚುವ ಪೆಟ್ಟಿಗೆ) ಎಲ್ಲ ಕೂರುವ ಜಾಗ. ಮನೆಯ ನಡುವೆ ಇರಬೇಕು, ನೆಲದಿಂದ 6 ಅಡಿ ಮೇಲಿದ್ದರೆ ಒಳ್ಳೇದು. ನಿಮ್ಮ ತರಹದ ಮನೆಯಲ್ಲಿ ಮೆಟ್ಟಿಲು ತಿರುಗುವ ಕಡೆಯ ಗೋಡೆ ಸಾಮಾನ್ಯವಾಗಿ ಸರಿಹೋಗುತ್ತೆ. ಕರೆಂಟ್ ಮೀಟರ್ ಪಕ್ಕ, ಚಪ್ಪಲಿ ಗೂಡಿನ ಒಳಗೆ, ಕಬ್ಬಿಣದ ಬೀರು ಹಿಂದೆ ಖಂಡಿತ ಬೇಡ. ಅಲ್ಲಿ 5 ಆಂಪಿಯರ್‌ನ 4 ಸಾಕೆಟ್ ಕೊಡಿಸಿ, ಅವು ಯುಪಿಎಸ್ ಲೈನಿನಲ್ಲಿರಲಿ.

ಅಲ್ಲಿಂದ ಪೈಪುಗಳು:

ತಾರಸಿಗೆ 25 ಎಂಎಂ ಪಿವಿಸಿ ಎರಡು, ಒಂದು ಡಿಶ್ ವೈರಿಗೆ, ಒಂದು ಖಾಲಿ. ರಸ್ತೆ ಕಂಬದ ಕಡೆಯ ಹೊರಗೋಡೆಗೆ 25 ಎಂಎಂ ಒಂದು, ಫೈಬರ್ ಮತ್ತು ಕೇಬಲ್‌ನವರಿಗೆ. ಪ್ರತಿ ಟಿವಿ ಗೋಡೆಗೆ 25 ಎಂಎಂ ಒಂದೊಂದು. ಕೆಲಸ ಮಾಡುವ ಮೇಜಿನ ಹತ್ತಿರಕ್ಕೆ ಒಂದು, ಮೇಲಿನ ಮಹಡಿಯ ಸೀಲಿಂಗ್‌ಗೆ ಒಂದು. 20 ಎಂಎಂ ಹಾಕ್ತೀನಿ ಅಂದರೆ ಒಪ್ಪಬೇಡಿ. ಆರ್‌ಜಿ-6 ಅನ್ನುವ ಟಿವಿ ವೈರ್ ದಪ್ಪ ಸುಮಾರು 7 ಎಂಎಂ, ಕ್ಯಾಟ್-6 ಅನ್ನುವ ಲ್ಯಾನ್ (ಇಂಟರ್ನೆಟ್) ವೈರ್ ಸುಮಾರು 6 ಎಂಎಂ. 20ರ ಪೈಪಿನಲ್ಲಿ ಎರಡು ಹೋದರೆ ಮೂರನೆಯದು ಸಿಕ್ಕಿಕೊಳ್ಳುತ್ತೆ, 25ರಲ್ಲಿ ನಾಲ್ಕು ಆರಾಮವಾಗಿ ಹೋಗುತ್ತೆ.

ಮೂಲೆಗಳಲ್ಲಿ ಎಲ್ಬೋ ಬೇಡ, ಉದ್ದ ತಿರುವಿನ ಬೆಂಡ್ ಹಾಕಿಸಿ. ಎಲ್ಬೋದಲ್ಲಿ ಫೈಬರಿನ ಕನೆಕ್ಟರ್ ದಾಟಲ್ಲ. ಎರಡು ತಿರುವಿಗೆ ಒಂದು ಜಂಕ್ಷನ್ ಬಾಕ್ಸ್ ಇರಲಿ. ಆಮೇಲೆ ವೈರ್ ಎಳೆಯೋಕೆ ಎಲ್ಲ ಪೈಪಿನಲ್ಲೂ ಜಿಐ ತಂತಿ ಬಿಟ್ಟು, ಎರಡೂ ತುದಿ ಮಡಚಿ, ಬಾಯಿಗೆ ಪೇಪರ್ ತುರುಕಿಸಿ. ಗಾರೆಯವರ ಸಿಮೆಂಟು ಪೈಪಿನೊಳಗೆ ಬಿದ್ದು ಗಟ್ಟಿಯಾಗೋದು ತುಂಬಾ ಸಾಮಾನ್ಯ. ಗಾರೆ ಮುಗಿದ ಮರುದಿನವೇ ಪ್ರತಿ ತಂತಿಯನ್ನೂ ಎಳೆದು ನೋಡಿ. ಆಗ ಸಿಕ್ಕಿಕೊಂಡಿದ್ದು ಗೊತ್ತಾದರೆ ಒಂದಡಿ ಗಾರೆ ಕೆತ್ತಿದರೆ ಸಾಕು. ಪೇಂಟ್ ಆದಮೇಲೆ ಗೊತ್ತಾದರೆ ಕಷ್ಟ.

ಕರೆಂಟ್ ಪೈಪಿನೊಳಗೆ ಇದ್ಯಾವುದನ್ನೂ ಸೇರಿಸಬಾರದು. ಪಕ್ಕಪಕ್ಕ ಓಡಿಸಬೇಕಾದರೆ ಒಂದಡಿ ಅಂತರ, ದಾಟಬೇಕಾದರೆ ನೇರ ಅಡ್ಡಕ್ಕೆ.

ಹೊಸಮನೆ_ಮೈಸೂರು

ತುಂಬಾ ಥ್ಯಾಂಕ್ಸ್ ಸರ್. ಟಿವಿ ಗೋಡೆ ಪೈಪಿನಲ್ಲಿ ಈಗಲೇ ಯಾವ ವೈರ್ ಎಳೆಸಲಿ? ವೈಫೈ ಇದ್ದಮೇಲೆ ಟಿವಿಗೆ ಲ್ಯಾನ್ ವೈರ್ ಬೇಕಾ?

ವೈರಿಂಗ್_ವಿವರ

ಬೇಕು. ಪ್ರತಿ ಟಿವಿಗೆ ಆರ್‌ಜಿ-6 ಒಂದು, ಕ್ಯಾಟ್-6 ಎರಡು. ಟಿವಿಗೆ ಒಂದು, ಬಾಕ್ಸಿಗೆ ಒಂದು. ಕೆಲಸದ ಮೇಜಿಗೂ ಎರಡು.

ಕ್ಯಾಟ್-6 ಕೊಳ್ಳುವಾಗ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬೆಲೆ ಕಡಿಮೆ, ಆದರೆ ಸಾಕೆಟ್ಟಿಗೆ ಪಂಚ್ ಮಾಡುವಾಗ (ಒತ್ತಿ ಕೂರಿಸುವಾಗ) ಎಳೆ ಮುರಿಯುತ್ತೆ, ಇದೇ ವೈರಲ್ಲಿ ಕ್ಯಾಮೆರಾಗೆ ಕರೆಂಟ್ ಕಳಿಸಿದರೆ ಬಿಸಿಯಾಗುತ್ತೆ. ಪೂರ್ತಿ ತಾಮ್ರದ್ದೇ ಇರಲಿ. 305 ಮೀಟರ್ ಬಾಕ್ಸಿನಲ್ಲಿ ನಿಮ್ಮ ಮನೆ ಮುಗಿದು ಇನ್ನೂ ಉಳಿಯುತ್ತೆ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆ ಕೂಡಿದ್ದರೆ ಮಾತ್ರ 1 ಗಿಗಾಬಿಟ್. ನಾಲ್ಕೇ ಎಳೆ ಕೂಡಿಸಿ "ನೆಟ್ ಬರ್ತಿದೆಯಲ್ಲ" ಅಂತ ಹೋದರೆ ವೇಗ 100 ಎಂಬಿಪಿಎಸ್‌ಗೆ ನಿಲ್ಲುತ್ತೆ. 300ರ ಪ್ಲಾನಿಗೆ ದುಡ್ಡು ಕಟ್ಟಿ 94 ಬರ್ತಿದೆ ಅನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಇದೇ. ಆಮೇಲೆ ರೂಟರಿನ ಪೋರ್ಟು ಗಿಗಾಬಿಟ್‌ದಾ ಅನ್ನೋದು.

ಇನ್ನೊಂದು. ಹಾಲ್ ಟಿವಿಯ ಹಿಂದಿನಿಂದ ಕೆಳಗಿನ ಸ್ಟ್ಯಾಂಡಿನ ಹಿಂದಕ್ಕೆ 2 ಇಂಚಿನ ಪೈಪು ಗೋಡೆಯೊಳಗೆ ನೇರ ಇಳಿಸಿ. ಎಚ್‌ಡಿಎಂಐ ಪ್ಲಗ್ಗಿನ ಅಗಲ 20 ಎಂಎಂಗೂ ಹೆಚ್ಚು, 25ರ ಪೈಪಿನಲ್ಲಿ ಬೆಂಡ್ ದಾಟಲ್ಲ.

ಛತ್ರಿ_ಕೋನ

ಡಿಶ್ ಬಗ್ಗೆ ನಾನು ಹೇಳ್ತೀನಿ, ಇದರಲ್ಲಿ ಒಂದು ತಪ್ಪು ಎಲ್ಲ ಹೊಸ ಮನೆಯಲ್ಲೂ ಕಾಣುತ್ತೆ. ಎಲೆಕ್ಟ್ರಿಷಿಯನ್ ತಾರಸಿಯಿಂದ ಒಂದೇ ವೈರ್ ತಂದು, ಒಳಗೆ ಸ್ಪ್ಲಿಟ್ಟರ್ ಹಾಕಿ ಎರಡು ಟಿವಿಗೆ ಹಂಚಿರುತ್ತಾರೆ. ಅದು ಕೇಬಲ್ ಟಿವಿ ಕ್ರಮ, ಡಿಶ್ಶಿಗೆ ನಡೆಯಲ್ಲ. ಡಿಶ್ ತಲೆಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಸೆಟ್‌ಟಾಪ್ ಬಾಕ್ಸೇ ವೈರಿನ ಮೂಲಕ 13 ಅಥವಾ 18 ವೋಲ್ಟ್ ಕಳಿಸುತ್ತೆ. ಯಾವ ವೋಲ್ಟ್ ಹೋಯಿತು ಅನ್ನೋದರ ಮೇಲೆ ಯಾವ ಗುಂಪಿನ ಚಾನೆಲ್ ಇಳಿಯಬೇಕು ಅಂತ ತೀರ್ಮಾನ. ಎರಡು ಬಾಕ್ಸ್ ಒಂದೇ ವೈರಿಗೆ ಸೇರಿದರೆ ಒಂದರಲ್ಲಿ ಚಾನೆಲ್ ಬದಲಾಯಿಸಿದಾಗ ಇನ್ನೊಂದರಲ್ಲಿ ಚಿತ್ರ ಹೋಗುತ್ತೆ. ಅದೂ ಅಲ್ಲದೆ ಡಿಶ್ ಸಿಗ್ನಲ್ ವೈರಿನಲ್ಲಿ ಓಡೋದು 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ. ಕೇಬಲ್ ಸ್ಪ್ಲಿಟ್ಟರ್ 1000ದ ಆಸುಪಾಸಿಗೇ ಮುಗಿಯುತ್ತೆ. ಹಾಗಾಗಿ ಎರಡು ಟಿವಿಗೆ ಎರಡು ಬಾಯಿಯ ಎಲ್‌ಎನ್‌ಬಿ, ತಾರಸಿಯಿಂದ ಎರಡು ಪ್ರತ್ಯೇಕ ಆರ್‌ಜಿ-6. ಮಧ್ಯದಲ್ಲಿ ಜಾಯಿಂಟ್ ಇರಬಾರದು.

ಮೈಸೂರಿಂದ ದಿಕ್ಕು ಹೀಗೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದಿಕ್ಸೂಚಿಯಲ್ಲಿ ಸುಮಾರು 152 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ದಕ್ಷಿಣಕ್ಕೆ ವಾಲಿದ ಕಡೆ, ಆಕಾಶದಲ್ಲಿ 74 ಡಿಗ್ರಿ ಎತ್ತರ. ಡಿಡಿ ಫ್ರೀ ಡಿಶ್ 93.5ರಲ್ಲಿ, ದಿಕ್ಕು 125, ಎತ್ತರ 66. ಏರ್‌ಟೆಲ್ 108.2ರಲ್ಲಿ, ದಿಕ್ಕು 109, ಎತ್ತರ 51. ಡಿಶ್ಶಿನ ತಟ್ಟೆ ನೋಡಿ ಕೋನ ಅಂದಾಜು ಮಾಡಬೇಡಿ, ಆಫ್‌ಸೆಟ್ ತಟ್ಟೆ (ಎಲ್‌ಎನ್‌ಬಿ ನಡುವೆ ಇರದೆ ಕೆಳಗಡೆ ಇರುವಂಥದ್ದು) ಇರುವುದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತೆ. ನೀವು ಮಾಡಬೇಕಾದ್ದು ಇಷ್ಟೇ: ತಾರಸಿಯ ಆಗ್ನೇಯ ಕಡೆ ನೀರಿನ ಟ್ಯಾಂಕು, ಸೋಲಾರ್ ಅಡ್ಡ ಬರದ ಹಾಗೆ ಜಾಗ ಬಿಡಿ, ಪೈಪಿನ ಬಾಯಿ ಅಲ್ಲಿಗೇ ತನ್ನಿ. ಬಾಯಿ ಕೆಳಮುಖ ಬಾಗಿರಲಿ, ಇಲ್ಲದಿದ್ದರೆ ಮಳೆನೀರು ಪೈಪಿನಲ್ಲೇ ಇಳಿದು ಟಿವಿ ಗೋಡೆಗೆ ಬರುತ್ತೆ.

ಉತ್ತರ_ಬಾಲ್ಕನಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟ್, 4ನೇ ಮಹಡಿ. ಒಂದು ಬಾಲ್ಕನಿ ಉತ್ತರಕ್ಕೆ, ಯುಟಿಲಿಟಿ ಪೂರ್ವಕ್ಕೆ. ತಾರಸಿಯಲ್ಲಿ ಡಿಶ್ ಹಾಕೋಕೆ ಅಸೋಸಿಯೇಷನ್‌ನವರು ಬಿಡಲ್ಲ. ಬಾಲ್ಕನಿಯಲ್ಲಿ ಆಗುತ್ತಾ?

ಛತ್ರಿ_ಕೋನ

ಉತ್ತರದ ಬಾಲ್ಕನಿಯಲ್ಲಿ ಯಾವ ಕಂಪನಿಯದ್ದೂ ಆಗಲ್ಲ ಮೇಡಂ, ಪಶ್ಚಿಮದಲ್ಲೂ ಅಷ್ಟೇ. ಪೂರ್ವದ ಯುಟಿಲಿಟಿ ಆಗಬಹುದು. ಅಲ್ಲಿ ಅಡ್ಡ ಬರೋದು ಎದುರಿನ ಕಟ್ಟಡಕ್ಕಿಂತ ಮೇಲಿನ ಮನೆಯ ಬಾಲ್ಕನಿ ಸ್ಲ್ಯಾಬ್. ಡಿಶ್ಶಿನಿಂದ ಸ್ಲ್ಯಾಬಿಗೆ 8 ಅಡಿ ಎತ್ತರ ಅಂತ ಲೆಕ್ಕ ಹಾಕಿದರೆ, 108.2ರ ಉಪಗ್ರಹಕ್ಕೆ ಡಿಶ್ಶು ಸ್ಲ್ಯಾಬ್ ಅಂಚಿನಿಂದ 5 ಅಡಿ ಒಳಗಿದ್ದರೂ ನೋಟ ಹೊರಬೀಳುತ್ತೆ. 93.5ಕ್ಕೆ ಎರಡೂವರೆ ಅಡಿಯೊಳಗೆ ಇರಬೇಕು. 83ಕ್ಕೆ ಒಂದಡಿಯೂ ಸಿಗಲ್ಲ, ಗ್ರಿಲ್ಲಿನ ಹೊರಗೆ ಕಂಬಿ ಚಾಚಬೇಕಾಗುತ್ತೆ. ನಾಲ್ಕನೇ ಮಹಡಿಯಲ್ಲಿ ಅದು ಅಪಾಯ, ಯಾರಾದರೂ ಹಾಕಿಕೊಡ್ತೀನಿ ಅಂದರೂ ಬೇಡ ಅನ್ನಿ. ಬುಕ್ ಮಾಡುವ ಮುಂಚೆ ಫೋನಿನ ದಿಕ್ಸೂಚಿ ಹಿಡಿದು ಪೂರ್ವದಿಂದ ಬಲಕ್ಕೆ 20 ಡಿಗ್ರಿ ತಿರುಗಿ, ತಲೆ ಎತ್ತಿ ನೋಡಿ. ಆಕಾಶ ಕಂಡರೆ ಆಗುತ್ತೆ.

ಬೆಳಕಿನ_ಎಳೆ

ಮೇಡಂ, ಅಪಾರ್ಟ್‌ಮೆಂಟಿನಲ್ಲಿ ಇಂಟರ್ನೆಟ್‌ಗೂ ಒಂದು ಮಾತು ಕೇಳಿಕೊಳ್ಳಿ: ಮನೆಯೊಳಗೆ ಬರೋದು ಫೈಬರ್ರೋ, ಲ್ಯಾನ್ ವೈರೋ? ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಫೈಬರ್ ಬೇಸ್‌ಮೆಂಟಿನ ಸ್ವಿಚ್ಚಿಗೆ ನಿಂತು, ಅಲ್ಲಿಂದ ಮೇಲೆ ತಾಮ್ರದ ವೈರ್ ಬರುತ್ತೆ. ಅದೂ ಚೆನ್ನಾಗಿಯೇ ಓಡುತ್ತೆ, ಆದರೆ ಕರೆಂಟ್ ಹೋದಾಗ ಬೇಸ್‌ಮೆಂಟಿನ ಸ್ವಿಚ್ಚಿಗೆ ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ಮನೆಯ ಯುಪಿಎಸ್‌ನಿಂದ ಉಪಯೋಗವಿಲ್ಲ.

ಇನ್ನು ಮೈಸೂರಿನವರಿಗೆ. ಸ್ವಂತ ಮನೆಗೆ ಬರೋದು ಬಹುತೇಕ ಜಿಪಾನ್ ಅನ್ನುವ ಕ್ರಮದ ಫೈಬರ್. ಒಂದು ಎಳೆಯಲ್ಲಿ ಕೆಳಮುಖ (ಡೌನ್‌ಲೋಡ್) 2.5 ಗಿಗಾಬಿಟ್, ಮೇಲ್ಮುಖ (ಅಪ್‌ಲೋಡ್) 1.25, ಅದನ್ನು ಬೀದಿಯ ಸ್ಪ್ಲಿಟ್ಟರಿನಲ್ಲಿ 32 ಅಥವಾ 64 ಮನೆಗೆ ಹಂಚಿರ್ತಾರೆ. ಕನೆಕ್ಷನ್ ಕೊಡೋಕೆ ಬಂದವರು ಹೋಗುವ ಮುಂಚೆ ಒಂದು ಅಂಕಿ ಬರೆಸಿಕೊಳ್ಳಿ: ನಿಮ್ಮ ಬಾಕ್ಸಿಗೆ ಬರ್ತಿರುವ ಬೆಳಕಿನ ಮಟ್ಟ. ಅವರ ಕೈಲಿ ಪವರ್ ಮೀಟರ್ ಇರುತ್ತೆ, ಬಾಕ್ಸಿನ ಸೆಟ್ಟಿಂಗ್ಸ್ ಪುಟದಲ್ಲೂ ಆಪ್ಟಿಕಲ್ ಅಂತ ಇರುವ ಕಡೆ ಕಾಣುತ್ತೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿದ್ದರೆ ನೆಮ್ಮದಿ. ಮೈನಸ್ 27 ಆ ಬಾಕ್ಸು ಓದಬಲ್ಲ ಕೊನೆಯ ಅಂಚು. ಮೈನಸ್ 26ರಲ್ಲಿ ಕೊಟ್ಟು ಹೋದರೆ ಅವತ್ತು ಸ್ಪೀಡ್ ಟೆಸ್ಟ್ ಪೂರ್ತಿ ತೋರಿಸುತ್ತೆ, ಮೊದಲ ಮಳೆಗೆ ಕೆಂಪು ದೀಪ ಹತ್ತುತ್ತೆ. ಆ ಮಟ್ಟ ಕುಸಿಯಲು ಕಾರಣ ಸಾಮಾನ್ಯವಾಗಿ ಮೂರೇ: ಕನೆಕ್ಟರ್ ಮುಖಕ್ಕೆ ಧೂಳು, ಕಂಬದ ಹತ್ತಿರದ ಕೆಟ್ಟ ಜಾಯಿಂಟು, ಗೋಡೆ ಮೂಲೆಯಲ್ಲಿ ಬಿಗಿಯಾಗಿ ಮಡಚಿದ ವೈರು. ಬಾಕ್ಸಿನ ಹಿಂದೆ ಉಳಿದ ಫೈಬರನ್ನು ಊಟದ ತಟ್ಟೆಯಷ್ಟು ಅಗಲ ಸುತ್ತಿಡಿ, ಬೆರಳಿಗೆ ಸುತ್ತಿದ ಹಾಗೆ ಸುತ್ತಬೇಡಿ. ಹಸಿರು ಕನೆಕ್ಟರಿನ ಮುಖ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ಹಾಗಲ್ಲ. ಎರಡನ್ನೂ ಜೋಡಿಸಿದರೆ ಹೊಂದಿಕೊಂಡ ಹಾಗೆ ಕಂಡರೂ ಬೆಳಕು ಸೋರಿಹೋಗುತ್ತೆ.

ಹೊರಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಲಿ. ವೈರ್ ತೂತಿಗೆ ಬರುವ ಮುಂಚೆ ಕೆಳಗೆ ಒಂದು ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತೆ.

ಹೊಸಮನೆ_ಮೈಸೂರು

ಕರೆಂಟ್ ಹೋದಾಗ ಇಂಟರ್ನೆಟ್ ಎಷ್ಟು ಹೊತ್ತು ಓಡುತ್ತೆ? ದೊಡ್ಡ ಯುಪಿಎಸ್ ಈಗಲೇ ಹಾಕಿಸುವ ಯೋಚನೆ ಇಲ್ಲ.

ಬೆಳಕಿನ_ಎಳೆ

ಹಾಗಾದರೆ ರೂಟರಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಫೈಬರ್ ಬಾಕ್ಸು ವೈಫೈ ಸೇರಿ ಹೆಚ್ಚುಕಮ್ಮಿ 10 ವ್ಯಾಟ್ ತಗೊಳ್ಳುತ್ತೆ. 8,800 ಎಂಎಎಚ್ ಅಂತ ಬರೆದ ಯುಪಿಎಸ್‌ನ ಸೆಲ್ 3.7 ವೋಲ್ಟಿನದು, ಅಂದರೆ 32 ವ್ಯಾಟ್-ಗಂಟೆ. ನಷ್ಟ ಕಳೆದರೆ ಎರಡೂವರೆ ಗಂಟೆ ಅಂತ ಇಟ್ಕೊಳ್ಳಿ. ಕೊಳ್ಳುವ ಮುಂಚೆ ನಿಮ್ಮ ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಷ್ಟು ಆಂಪಿಯರ್ ಅಂತ ಓದಿ. 2 ಆಂಪಿಯರ್ ಕೇಳುವ ಬಾಕ್ಸಿಗೆ 1 ಆಂಪಿಯರಿನ ಯುಪಿಎಸ್ ಕೊಟ್ಟರೆ ಬಾಕ್ಸು ಆಫ್ ಆಗಿ ಆನ್ ಆಗುತ್ತಲೇ ಇರುತ್ತೆ. ಲ್ಯಾಂಡ್‌ಲೈನ್ ಫೋನೂ ಈಗ ಇದೇ ಬಾಕ್ಸಿನಿಂದ ಬರೋದು, ಬಾಕ್ಸಿಗೆ ಕರೆಂಟ್ ಇಲ್ಲದಿದ್ದರೆ ಅದೂ ಸತ್ತಿರುತ್ತೆ. ವಯಸ್ಸಾದವರಿರುವ ಮನೆಯಲ್ಲಿ ಇದು ನೆನಪಿರಲಿ.

ಕೇಬಲ್_ಲೆಕ್ಕ

ಟಿವಿ ಯಾವುದು ಅನ್ನೋ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಮೈಸೂರು, ಬೆಂಗಳೂರು 2013ರ ಮಾರ್ಚ್ 31ರ ಗಡುವಿನ ಎರಡನೇ ಹಂತದಲ್ಲೇ ಡಿಜಿಟಲ್ ಕೇಬಲ್‌ಗೆ ಬಂದವು, ಹಾಗಾಗಿ ಕೇಬಲ್ ಅಂದರೆ ಮಸುಕು ಚಿತ್ರ ಅನ್ನುವ ಹಳೇ ಅಭಿಪ್ರಾಯ ಬಿಡಿ. ಕೇಬಲ್ಲಿಗೂ ಡಿಶ್ಶಿಗೂ ಚಾನೆಲ್ ಬೆಲೆಯ ನಿಯಮ ಒಂದೇ, ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಮಾಡಿದ್ದು. ಬಿಲ್ಲಿನಲ್ಲಿ ಎರಡು ಭಾಗ: ನೆಟ್‌ವರ್ಕ್ ಶುಲ್ಕ, ಚಾನೆಲ್ ಬೆಲೆ. ಇವುಗಳ ಮೇಲೆ 18% ಜಿಎಸ್‌ಟಿ. ನೆಟ್‌ವರ್ಕ್ ಶುಲ್ಕ 200 ಚಾನೆಲ್‌ಗೆ 130 ರೂಪಾಯಿ ಮೀರಬಾರದು ಅಂತ ಇತ್ತು, ತೆರಿಗೆ ಸೇರಿ 153.40. ಎರಡನೇ ಟಿವಿಗೆ ಅದರ 40% ಮಾತ್ರ. 2024ರ ಜುಲೈ ತಿದ್ದುಪಡಿಯಲ್ಲಿ ಈ ಮಿತಿಗಳನ್ನು ತೆಗೆದು ಕಂಪನಿಗಳಿಗೇ ಬಿಟ್ಟಿದ್ದಾರೆ. ಹಾಗಾಗಿ ಎರಡನೇ ಟಿವಿಗೆ ಎಷ್ಟು ಅಂತ ಕೇಳದೆ ಒಪ್ಪಬೇಡಿ.

ನೂರಾರು ಚಾನೆಲ್ಲಿನ ಪ್ಯಾಕ್ ತಗೊಳ್ಳಬೇಕಾಗಿಲ್ಲ. ಅಪ್ಪ ಅಮ್ಮ ನೋಡುವ ಕನ್ನಡದ ಮನರಂಜನೆ ವಾಹಿನಿಗಳು ನಾಲ್ಕೈದು. ಅವನ್ನು ಬಿಡಿಯಾಗಿ ಅಥವಾ ಆಯಾ ಸಂಸ್ಥೆಯ ಸಣ್ಣ ಕನ್ನಡ ಗುಚ್ಛವಾಗಿ ಆರಿಸಿ. ಕನ್ನಡ ವಾರ್ತಾ ವಾಹಿನಿಗಳಲ್ಲಿ ಹೆಚ್ಚಿನವು ಉಚಿತ, ದೂರದರ್ಶನದ ಕಡ್ಡಾಯ ಚಾನೆಲ್‌ಗಳು ಆ 200ರ ಲೆಕ್ಕಕ್ಕೇ ಬರ್ತಿರಲಿಲ್ಲ. ಬಿಡಿ ಆಯ್ಕೆ ನಿಮ್ಮ ಹಕ್ಕು, "ಪ್ಯಾಕ್ ಮಾತ್ರ ಇದೆ" ಅಂದರೆ ಆ ಮಾತು ಸರಿಯಲ್ಲ.

ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ. ಆದರೆ ಅದರಲ್ಲಿರುವ ಖಾಸಗಿ ವಾಹಿನಿಗಳಲ್ಲಿ ಹೆಚ್ಚಿನವು ಹಿಂದಿಯವು. ಧಾರಾವಾಹಿ ನೋಡುವವರಿಗೆ ಅದೊಂದೇ ಸಾಲದು.

ಫೈಬರ್ ಜೊತೆ ಟಿವಿ ಅನ್ನೋದರಲ್ಲಿ ಎರಡು ಜಾತಿ ಇದೆ, ಇದನ್ನ ಬಿಡಿಸಿ ಕೇಳಿ. ಒಂದು, ಇಂಟರ್ನೆಟ್ ಮೇಲೆಯೇ ಓಡುವ ಆ್ಯಪ್ ಬಾಕ್ಸು. ನೆಟ್ ಹೋದರೆ ಟಿವಿಯೂ ಹೋಯಿತು, ನೇರ ಪ್ರಸಾರ ಅರ್ಧ ನಿಮಿಷದವರೆಗೆ ತಡ. ಇನ್ನೊಂದು, ಸ್ಥಳೀಯ ಕೇಬಲ್‌ನವರು ಅದೇ ಎಳೆಯಲ್ಲಿ 1550 ನ್ಯಾನೋಮೀಟರಿನ ಬೇರೆ ಬೆಳಕಿನಲ್ಲಿ ಕೇಬಲ್ ಸಿಗ್ನಲ್ ಕಳಿಸೋದು. ಬಾಕ್ಸಿನಲ್ಲಿ ಆರ್‌ಜಿ-6 ತಿರುಪುವ ಬಾಯಿ ಇದ್ದರೆ ಅದು ಈ ಜಾತಿ. ಇಂಟರ್ನೆಟ್ ರೀಚಾರ್ಜ್ ಮುಗಿದರೂ ಇದರಲ್ಲಿ ಟಿವಿ ಬರುತ್ತೆ. ಇಲ್ಲಿ ಸ್ಪ್ಲಿಟ್ಟರ್ ಹಾಕಬಹುದು, ಎರಡಕ್ಕೆ ಹಂಚಿದರೆ ಸುಮಾರು 4 ಡೆಸಿಬಲ್, ನಾಲ್ಕಕ್ಕೆ 7-8 ನಷ್ಟ. ಎರಡು ಟಿವಿಗೆ ನಾಲ್ಕರದ್ದು ಹಾಕಿ ಎರಡು ಬಾಯಿ ಖಾಲಿ ಬಿಡೋದು ತಪ್ಪು.

ನನ್ನ ಸಲಹೆ: ಹಾಲ್ ಟಿವಿಗೆ ಕೇಬಲ್ ಅಥವಾ ಡಿಶ್ ಒಂದು ಬಾಕ್ಸ್. ರಿಮೋಟಿನಲ್ಲಿ ನಂಬರ್ ಒತ್ತಿದರೆ ಚಾನೆಲ್ ಬರಬೇಕು, ಹಿರಿಯರಿಗೆ ಅದೇ ಬೇಕಾದ್ದು. ಮೇಲಿನ ಟಿವಿಗೆ ಬಾಕ್ಸೇ ಬೇಡ, ಇಂಟರ್ನೆಟ್‌ನಲ್ಲೇ ನೋಡಿ.

ತೋಟದ_ದಾರಿ

ತೀರ್ಥಹಳ್ಳಿ ಕಡೆ ತೋಟದ ನಡುವೆ ಮನೆ. ಫೈಬರ್ ಇಲ್ಲ. 5ಜಿ ಏರ್‌ಫೈಬರ್ ಅಂತ ಕೇಳಿದೆ. ಆಗಸ್ಟ್ ಮಳೆಗೆ ಡಿಶ್ಶೂ ಆಗಾಗ ಹೋಗುತ್ತೆ. ಏನು ಮಾಡಬಹುದು ಮಾರಾಯ್ರೆ?

ಛತ್ರಿ_ಕೋನ

ಡಿಶ್ ಸಿಗ್ನಲ್ ಕೆಯು (Ku) ಬ್ಯಾಂಡ್ ಅನ್ನುವ ತರಂಗದಲ್ಲಿ ಬರೋದು, ದಪ್ಪ ಮಳೆಮೋಡ ಅದನ್ನು ಹೀರುತ್ತೆ. ಪೂರ್ತಿ ತಡೆಯೋಕಾಗಲ್ಲ, ಕಡಿಮೆ ಮಾಡಬಹುದು. 60 ಸೆಂಟಿಮೀಟರ್ ತಟ್ಟೆ ಬದಲು 90ರದ್ದು ಹಾಕಿದರೆ 3.5 ಡೆಸಿಬಲ್ ಹೆಚ್ಚು ಸಿಗುತ್ತೆ, ಮಲೆನಾಡಿಗೆ ಅದು ದೊಡ್ಡದು. ಎಲ್‌ಎನ್‌ಬಿಯ ಕನೆಕ್ಟರಿಗೆ ರಬ್ಬರ್ ಟೊಪ್ಪಿ ಹಾಕಿ, ನೀರು ಒಳಗಿಳಿದು ತಾಮ್ರ ಹಸಿರಾಗಿದ್ದರೆ ತುದಿ ಕತ್ತರಿಸಿ ಹೊಸದು ಕಟ್ಟಿ. ತಟ್ಟೆಯ ಕಂಬಿಯನ್ನು ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಮರ ಒಂದೆರಡು ಡಿಗ್ರಿ ವಾಲಿದರೂ ಸಿಗ್ನಲ್ ಇಲ್ಲ. ಗುಡುಗು ಶುರುವಾಗುವ ಮುಂಚೆಯೇ ಬಾಕ್ಸಿನ ಹಿಂದಿನ ವೈರನ್ನೂ ಬಿಚ್ಚಿ. ಬರೀ ಪ್ಲಗ್ ಕಿತ್ತರೆ ಸಾಲದು, ಸಿಡಿಲಿನ ಹೊಡೆತ ಆ ತಾಮ್ರದ ವೈರಿನಲ್ಲೂ ಬರುತ್ತೆ.

ಬೆಳಕಿನ_ಎಳೆ

ಏರ್‌ಫೈಬರ್ ಅಂದರೆ ಮನೆ ಮೇಲೆ ಒಂದು ರಿಸೀವರ್, ಅದು ಟವರಿನಿಂದ 5ಜಿ ಹಿಡಿದು ಒಳಗಿನ ರೂಟರಿಗೆ ಲ್ಯಾನ್ ವೈರಿನಲ್ಲಿ ಕಳಿಸುತ್ತೆ. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಶುರು ಮಾಡಿದವು. ಮಳೆಹನಿಗಿಂತ ನಿಮಗೆ ತೊಂದರೆ ಕೊಡೋದು ಒದ್ದೆ ಎಲೆ. ಟವರಿನ ಕಡೆ ಅಡಿಕೆ ಸಾಲು ಅಡ್ಡ ಇದ್ದರೆ ಬೇಸಿಗೆಯಲ್ಲಿ ಬಂದ ವೇಗ ಮಳೆಗಾಲದಲ್ಲಿ ಬರಲ್ಲ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿ, ಮಾಡಿನ ತುದಿಯಲ್ಲಿ ನಿಂತು ನೋಡಿ. ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು) ಮೈನಸ್ 95ಕ್ಕಿಂತ ಚೆನ್ನಾಗಿದ್ದರೆ ಮುಂದುವರಿಯಿರಿ, ಮೈನಸ್ 110 ಆದರೆ ದುಡ್ಡು ಕಟ್ಟಬೇಡಿ. ಅಳೆಯೋದು ಮಳೆಗಾಲದಲ್ಲೇ ಆದರೆ ಒಳ್ಳೇದು, ಸಂಜೆ 8ರಿಂದ 10ರ ನಡುವೆ ಒಮ್ಮೆ ನೋಡಿ, ಟವರಿನ ಮೇಲೆ ಹೊರೆ ಇರುವ ಹೊತ್ತು ಅದು. ತಿಂಗಳ ಡೇಟಾ ಮಿತಿಯನ್ನೂ ಕೇಳಿ: ಫೈಬರ್ ಪ್ಲಾನುಗಳಲ್ಲಿ 3,300 ಜಿಬಿ ಸಾಮಾನ್ಯ, ಏರ್‌ಫೈಬರಿನಲ್ಲಿ 1,000 ಜಿಬಿ.

ಹೊಸಮನೆ_ಮೈಸೂರು

ಕೊನೆಯ ಎರಡು ಪ್ರಶ್ನೆ. ಎಷ್ಟು ವೇಗದ ಪ್ಲಾನ್ ಸಾಕು? ಆಮೇಲೆ ಗೇಟಿಗೆ ಸಿಸಿಟಿವಿ ಹಾಕಿಸ್ತಿದ್ದೀವಿ, ಅದಕ್ಕೆ ಬೇರೆ ಏನಾದರೂ ಬೇಕಾ?

ವೈರಿಂಗ್_ವಿವರ

4ಕೆ ವಿಡಿಯೋ ಒಂದಕ್ಕೆ 15ರಿಂದ 25 ಎಂಬಿಪಿಎಸ್, ವಿಡಿಯೋ ಮೀಟಿಂಗಿಗೆ 3-4. ಎರಡು ಟಿವಿ, ಇಬ್ಬರ ಕೆಲಸ, ಫೋನುಗಳು ಎಲ್ಲ ಸೇರಿದರೂ 100ರ ಪ್ಲಾನ್ ಧಾರಾಳ. ಅಪ್‌ಲೋಡ್ ವೇಗವೂ 100 ಇದೆಯಾ ಅಂತ ಕೇಳಿ, ಕೆಲಸಕ್ಕೆ ಅದು ಮುಖ್ಯ. ಜಾಹೀರಾತಿನ ಬೆಲೆಗೆ ಜಿಎಸ್‌ಟಿ ಸೇರಿರಲ್ಲ, 499 ಅಂದರೆ ಕೈಯಿಂದ ಹೋಗೋದು 589. ಹೊಸ ಬಡಾವಣೆಯಲ್ಲಿ ಒಂದು ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ಒಂದು ಮಳೆಗಾಲ ನೋಡಿ. ಅಕ್ಕಪಕ್ಕದ ಎರಡು ಮೂರು ಮನೆಯಲ್ಲಿ ವೇಗ ಕೇಳಬೇಡಿ, "ಲೈನ್ ಕಟ್ ಆದರೆ ಎಷ್ಟು ದಿನಕ್ಕೆ ಬರ್ತಾರೆ" ಅಂತ ಕೇಳಿ.

ದುಡ್ಡು ಉಳಿದರೆ ಮೇಲಿನ ಮಹಡಿಯ ಸೀಲಿಂಗ್ ಪೈಪಿನಲ್ಲಿ ಕ್ಯಾಟ್-6 ಎಳೆದು ಒಂದು ಆಕ್ಸೆಸ್ ಪಾಯಿಂಟ್ (ಅಲ್ಲಿಂದಲೇ ವೈಫೈ ಹರಡುವ ಪೆಟ್ಟಿಗೆ) ಕೂರಿಸಿ. 5 ಗಿಗಾಹರ್ಟ್ಸ್ ವೈಫೈ ಆರ್‌ಸಿಸಿ ಸ್ಲ್ಯಾಬ್ ದಾಟುವಾಗ ಸೊರಗುತ್ತೆ, 300ರ ಪ್ಲಾನ್ ತಗೊಂಡರೂ ಮೇಲಿನ ರೂಮಿಗೆ ಅದು ತಲುಪಲ್ಲ.

ಕ್ಯಾಮೆರಾ ಇರುವ ಪ್ರತಿ ಜಾಗಕ್ಕೂ ಕ್ಯಾಟ್-6 ಒಂದು. ಪಿಒಇ ಸ್ವಿಚ್ (ಲ್ಯಾನ್ ವೈರಿನಲ್ಲೇ ಕರೆಂಟ್ ಕಳಿಸುವ ನೆಟ್‌ವರ್ಕ್ ಸ್ವಿಚ್ಚು) ಹಾಕಿದರೆ ಕರೆಂಟೂ ಅದರಲ್ಲೇ ಹೋಗುತ್ತೆ, ಗೇಟಿನ ಹತ್ತಿರ ಸಾಕೆಟ್ ಬೇಡ.

ಬೆಳಕಿನ_ಎಳೆ

ಸಿಸಿಟಿವಿಗೆ ಒಂದು ಸೇರಿಸ್ತೀನಿ. ಹೊರಗಿನಿಂದ ನೇರವಾಗಿ ರೆಕಾರ್ಡರಿಗೆ ಲಾಗಿನ್ ಆಗಬೇಕು ಅಂದರೆ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ಇಂಟರ್ನೆಟ್ ವಿಳಾಸ) ಬೇಕು. ರೂಟರಿನ ವ್ಯಾನ್ ವಿಳಾಸ (ಕಂಪನಿ ಕೊಟ್ಟ ಹೊರಗಿನ ಐಪಿ) 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮನ್ನು ಹಲವರ ಜೊತೆ ಒಂದೇ ಐಪಿಯ ಹಿಂದೆ ಇಟ್ಟಿದ್ದಾರೆ ಅಂತ ಅರ್ಥ, ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ರೂಟರಿನಿಂದ ರೆಕಾರ್ಡರಿಗೆ ದಾಟಿಸೋದು) ನಡೆಯಲ್ಲ. ಕ್ಯಾಮೆರಾ ಕಂಪನಿಯ ಆ್ಯಪಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುವ ಕ್ರಮ ಆಗಲೂ ನಡೆಯುತ್ತೆ, ಮನೆ ಬಳಕೆಗೆ ಅದು ಸಾಕು. ಸ್ಟ್ಯಾಟಿಕ್ ಐಪಿಗೆ (ಬದಲಾಗದ ಸ್ವಂತ ವಿಳಾಸಕ್ಕೆ) ಪ್ರತ್ಯೇಕ ದುಡ್ಡು ಕೊಡುವ ಮುಂಚೆ ಅದನ್ನೇ ಪರೀಕ್ಷಿಸಿ. ಕ್ಯಾಮೆರಾದ ಮೂಲ ಪಾಸ್‌ವರ್ಡ್ ಮಾತ್ರ ಅವತ್ತೇ ಬದಲಾಯಿಸಿ.

ಹೊಸಮನೆ_ಮೈಸೂರು

ಎಲೆಕ್ಟ್ರಿಷಿಯನ್ ಜೊತೆ ಕೂತು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ವಿ. ಮೆಟ್ಟಿಲ ಗೋಡೆಯಲ್ಲಿ ಗೂಡು, ತಾರಸಿಗೆ ಎರಡು, ಕಂಬದ ಕಡೆಗೆ ಒಂದು, ಹಾಲ್, ಮೇಲಿನ ರೂಮು, ಮೇಜು, ಸೀಲಿಂಗು ಒಂದೊಂದು, ಗೇಟಿಗೆ ಒಂದು. ಎಲ್ಲ 25 ಎಂಎಂ. ಹಾಲ್‌ಗೆ ಕೇಬಲ್, ಮೇಲೆ ಇಂಟರ್ನೆಟ್ ಟಿವಿ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಎಲ್ಲರಿಗೂ ಥ್ಯಾಂಕ್ಸ್.

ವೈರಿಂಗ್_ವಿವರ

ಗೇಟಿನ ಪೈಪು ಮಣ್ಣಿನೊಳಗೆ ಹೋಗೋದರಿಂದ ಒಂದೂವರೆ ಅಡಿ ಆಳ ಇರಲಿ, ಅದರೊಳಗೆ ಹೊರಬಳಕೆಯ ಕ್ಯಾಟ್-6 ಹಾಕಿ. ಒಳಮನೆಯ ವೈರ್ ನೆಲದ ತೇವಕ್ಕೆ ಬಾಳಲ್ಲ. ಗಾರೆ ಶುರುವಾಗುವ ಹಿಂದಿನ ದಿನ ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಫೋಟೋ ತೆಗೆದಿಡಿ. ಕರ್ಟನ್ ರಾಡ್ ಹಾಕೋಕೆ ಡ್ರಿಲ್ ಮಾಡುವಾಗ ಪೈಪು ಎಲ್ಲಿದೆ ಅಂತ ಆ ಫೋಟೋದಲ್ಲೇ ನೋಡಬೇಕಾಗುತ್ತೆ.